ಪೆನ್ನಿಲ್ಲದ ಓದು

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆಯ ನಮಸ್ಕಾರ.

ಆಪರೇಷನ್ ಆದ ಕಣ್ಣಿನ ಕಟ್ಟು ಬಿಚ್ಚಿದರೆಂದು ನಾದಿನಿ ಹೇಳಿದ ಮೇಲೆ ಮನಸ್ಸು ನಿರಾಳವಾಯಿತು. ಉರಿ ಇದೆಯೇ? ಹೊತ್ತುಹೊತ್ತಿಗೆ ಔಷಧಿ ಬಿಟ್ಟುಕೊಳ್ಳುತ್ತಿದ್ದೀರಾ? ಸೀಸೆಯ ಮೇಲಿನ ಚೀಟಿಯಲ್ಲಿ ತಪ್ಪು ಹುಡುಕಲು ಹೋಗಬೇಡಿ, ನಿಮ್ಮ ಕೈ ಸುಮ್ಮನಿರುವುದಿಲ್ಲ. ಈ ಕಾಗದವನ್ನೂ ನಾದಿನಿಯೇ ಓದಿ ಹೇಳಲಿ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀವು ನಡುವೆ ಬಾಯಿ ಹಾಕಿ ತಿದ್ದುತ್ತೀರಿ. ಇಲ್ಲಿ ನಿಮ್ಮ ಮಗ, ಮೊಮ್ಮಗಳು ಚೆನ್ನಾಗಿದ್ದಾರೆ.

ಆಪರೇಷನ್ನಿಗೆಂದು ನಾದಿನಿಯ ಮನೆಗೆ ಹೊರಡುವ ದಿನ ನೀವು, "ಪ್ರೆಸ್ಸಿನ ಕೆಲಸ ನಂಗಿನ್ನು ಮುಗೀತು ಕಣೇ, ಆ ಕುರ್ಚಿ ನಿಂದು" ಅಂದಿರಲ್ಲ, ಆ ಮಾತಿಗೆ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಆದರೂ ನೀವು ಕಲಿಸಿದ ಹಾಗೆಯೇ ಪ್ರೂಫ್ ನೋಡುತ್ತಿದ್ದೆ. ಸಾಲಿನ ಕೆಳಗೆ ಅಡಿಪಟ್ಟಿ, ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ. ಅರ್ಥಕ್ಕೆ ಮರುಳಾದರೆ ಅಕ್ಷರ ಕೈಕೊಡುತ್ತೆ ಅನ್ನುತ್ತಿದ್ದಿರಿ. ನಾನೊಬ್ಬಳೇ ನೋಡಿದ ಮೊದಲ ಪುಸ್ತಕ, ನಿವೃತ್ತ ಟೀಚರಮ್ಮ ತೀರಿಹೋದ ತಮ್ಮ ಯಜಮಾನರ ಬಗ್ಗೆ ಬರೆದದ್ದು. ಒಂದಕ್ಷರ ತಪ್ಪಿಲ್ಲದೆ ಅಚ್ಚಾಯಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಂಗಳವಾರ ಟೀಚರಮ್ಮ ಪುಸ್ತಕ ಹಿಡಿದು ಪ್ರೆಸ್ಸಿಗೇ ಬಂದರು. ಪುಟ ಜೋಡಿಸುವವನು ಪ್ರೂಫಿನಲ್ಲೇ ಎರಡು ಅಧ್ಯಾಯಗಳನ್ನು ಹಿಂದುಮುಂದು ಮಾಡಿದ್ದ. ಕೆಳಗಿನಿಂದ ಮೇಲಕ್ಕೆ ಓದಿದ ನನಗೆ ಅದು ಹೇಗೆ ಗೊತ್ತಾಗಬೇಕು? ಯಜಮಾನರನ್ನು ಮಣ್ಣು ಮಾಡಿ ಎಲ್ಲರೂ ಮನೆಗೆ ಬರುತ್ತಾರೆ, ಪುಟ ತಿರುಗಿಸಿದರೆ ಅವರೇ ಬಾಗಿಲಲ್ಲಿ ನಿಂತು "ನನ್ನ ಕೊಡೆ ಎಲ್ಲೇ?" ಅನ್ನುತ್ತಿದ್ದಾರೆ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಟೀಚರಮ್ಮ ಮಾತ್ರ, "ಬದುಕಿದ್ದಾಗ್ಲೇ ಹೇಳಿದ ಜಾಗದಲ್ಲಿ ಇರ್ತಿರ್ಲಿಲ್ಲ, ಸತ್ತ ಮೇಲೆ ಇರ್ತಾರಾ?" ಅಂತ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅದು ಬರೀ ನಗುವಿನ ಕಣ್ಣೀರಾಗಿರಲಿಲ್ಲ. ಮಾಲೀಕರು ನಗಲಿಲ್ಲ. ಹೊಲಿದ ಪುಸ್ತಕಗಳನ್ನೆಲ್ಲ ಬಿಚ್ಚಿಸಿದ್ದಾರೆ.

ಆಗ ನನಗೆ ನಿಮ್ಮ ಕಿಟಕಿ ನೆನಪಾಯಿತು. ತಿದ್ದುವುದೆಲ್ಲ ಮುಗಿದ ಮೇಲೆ ನೀವು ಪೆನ್ನನ್ನು ಡ್ರಾಯರಿನಲ್ಲಿಟ್ಟು, ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, ಟೀ ಕುಡಿಯುತ್ತಾ ಇಡೀ ಪುಸ್ತಕವನ್ನು ಮೊದಲಿನಿಂದ ಓದುತ್ತಿದ್ದಿರಿ. "ಏನಮ್ಮಾ, ಕಥೆ ಓದೋಕೂ ಸಂಬಳನಾ?" ಅಂತ ಮಾಲೀಕರು ರೇಗಿಸಿದರೆ, "ಅದಕ್ಕೇ ಸಂಬಳ, ಮಿಕ್ಕಿದ್ದೆಲ್ಲ ಪುಕ್ಕಟೆ" ಅನ್ನುತ್ತಿದ್ದಿರಿ. ನಾನೂ ಅದನ್ನು ನಿಮ್ಮ ವಿಶ್ರಾಂತಿ ಅಂದುಕೊಂಡು ಬಿಟ್ಟುಬಿಟ್ಟೆ. ಒಂದೇ ಮನೆಯಲ್ಲಿದ್ದೂ ನಿಮ್ಮನ್ನೂ ಕೆಳಗಿನಿಂದ ಮೇಲಕ್ಕೇ ಓದಿದ್ದೇನೆ ಅತ್ತೆ. ಈ ವಾರ ಆ ಸ್ಟೂಲಿನ ಮೇಲೆ ಕೂತು ನೋಡಿದೆ. ಪೆನ್ನಿಲ್ಲದಿದ್ದರೂ ಕಣ್ಣು ಬರೀ ಕೊಂಬು ದೀರ್ಘ ಎಣಿಸುತ್ತದೆ, ಕಥೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದೇ ಕಣ್ಣಲ್ಲಿ ಎರಡೂ ಓದನ್ನು ನೀವು ಹೇಗೆ ಓದಿದಿರೋ! ನಿಜವಾಗಿ ಹೇಳುತ್ತೇನೆ, ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು ಬರುವಷ್ಟು ಅಭಿಮಾನ.

ಕಣ್ಣು ಉಜ್ಜಿಕೊಳ್ಳಬೇಡಿ, ಚೆನ್ನಾಗಿ ನಿದ್ದೆ ಮಾಡಿ. ನಾದಿನಿಯ ಮನೆಯವರಿಗೆಲ್ಲ ನಾವು ಕೇಳಿದೆವೆಂದು ಹೇಳಿ.

ನಿಮ್ಮ ಆಶೀರ್ವಾದ ಬೇಡುವ,
ಸೊಸೆ

ಮರೆತೇ ಹೋಗಿತ್ತು: ಡಾಕ್ಟರು ಸಣ್ಣಕ್ಷರ ಓದಬೇಡಿ ಅಂದಿದ್ದಾರಂತೆ. ಕಿವಿಗೇನೂ ಅಡ್ಡಿಯಿಲ್ಲವಷ್ಟೆ? ಹೋದ ಕಾಗದದಲ್ಲಿ ನಾನು ಮೊಮ್ಮಗಳ ಜ್ವರ ಬಿಟ್ಟದ್ದನ್ನು ಮೊದಲು, ಬಂದದ್ದನ್ನು ಆಮೇಲೆ ಬರೆದಿದ್ದೆನಂತೆ. ನಾದಿನಿ ಓದುತ್ತಿದ್ದಂತೆಯೇ ನೀವು ತಡೆದು, "ಬರೋಕ್ಮುಂಚೇನೇ ಬಿಡ್ತಾ?" ಅಂದಿರಂತೆ. ಇದನ್ನು ಮಾಲೀಕರಿಗೆ ಹೇಳಿದೆ. "ಕಥೆ ಕೇಳೋಕೂ ಸಂಬಳ ಕೊಡ್ತೀನಿ, ಬರೋಕ್ ಹೇಳಮ್ಮಾ" ಅಂದರು. ಕಿಟಕಿ ಹತ್ತಿರ ಇನ್ನೊಂದು ಸ್ಟೂಲು ಹಾಕಿಸಿದ್ದೇನೆ. ನಾನು ಓದುತ್ತೇನೆ, ನೀವು ಕೇಳಿ. ಟೀಚರಮ್ಮನ ಪುಸ್ತಕವನ್ನು ನೀವು ಕೇಳದೆ ಮತ್ತೆ ಅಚ್ಚಿಗೆ ಬಿಡುವುದಿಲ್ಲ ಅಂದಿದ್ದೇನೆ. ಅಲ್ಲಿಯವರೆಗೆ ಅವರ ಯಜಮಾನರು ಸಾಯುವಂತೆಯೂ ಇಲ್ಲ, ಬದುಕುವಂತೆಯೂ ಇಲ್ಲ. ಬೇಗ ಬನ್ನಿ.