ಗೆರೆಯಾಚೆ ಬಿದ್ದ ಚೆಂಡು

ಸರಾತೊವ್
ಜೂನ್ 19

ನನ್ನ ನಫೀಸಾ,

ಹೇಗಿದ್ದೀಯೇ? ಆಪರೇಷನ್ ಆದ ಮಂಡಿ ಮಡಚಲು ಬರುತ್ತಿದೆಯೋ, ಇಲ್ಲ ಈಗಲೂ ಕುರ್ಚಿಯಲ್ಲಿ ಕೂತು ಮಗಳ ಮೇಲೆ ರೇಗಾಡುತ್ತಿದ್ದೀಯೋ? ನಿನ್ನ ಪತ್ರ ಬಂದು ವಾರಗಳೇ ಕಳೆದವು. ಕಜಾನ್‌ನಿಂದ ನೀನು ಕಳಿಸಿದ ಚಕ್‌ಚಕ್ ಮಿಠಾಯಿ ಡಬ್ಬಿಯೂ ಖಾಲಿಯಾಯಿತು. ನನ್ನ ತಮ್ಮ ರೊದಿಯೋನ್ ಒಬ್ಬನೇ ಅರ್ಧ ಮುಗಿಸಿ, ಬೆರಳಿಗಂಟಿದ ಜೇನನ್ನೂ ನೆಕ್ಕಿದ. ಉತ್ತರ ಬರೆಯದೆ ಕೂತದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುವವಳಲ್ಲ. ಅಷ್ಟು ವರ್ಷ ಪಕ್ಕದಲ್ಲಿ ನಿಂತು ಡಬಲ್ಸ್ ಆಡಿದವಳಿಗೆ ಬೆನ್ನು ನೋಡಿದರೇ ನನ್ನ ಸುಳ್ಳು ಗೊತ್ತಾಗುತ್ತದೆ. ನಾಚಿಕೆಯಾಗಿ ಬರೆಯಲಿಲ್ಲ ಕಣೇ.

ಮೊದಲು ಸಮಾರಂಭದ ಸುದ್ದಿ ಹೇಳುತ್ತೇನೆ. ವೋಲ್ಗಾ ದಂಡೆಯ ನಮ್ಮ ಹಳೆಯ ಟೆನಿಸ್ ಕ್ಲಬ್ಬಿನ ಮಣ್ಣಿನ ಅಂಕಣಕ್ಕೆ ನನ್ನ ಹೆಸರಿಟ್ಟರು. ಹೊಸದಾಗಿ ಕೆಂಪು ಇಟ್ಟಿಗೆಪುಡಿ ಹಾಸಿದ್ದಾರೆ. ಫಲಕದಲ್ಲಿ ನನ್ನ ಮುಖ ತೀರಿಹೋದ ನಮ್ಮತ್ತೆಯ ಮುಖದ ಹಾಗೆ ಬಂದಿದೆ, ಆ ಹೆಂಗಸು ಇಲ್ಲಿಯೂ ನನ್ನನ್ನು ಬಿಡಲಿಲ್ಲ. ಕ್ಲಬ್ಬಿನ ಅಧ್ಯಕ್ಷರು ಮೈಕ್ ಹಿಡಿದು, "ನಮ್ಮ ತೈಸಿಯಾ ಗ್ಲೆಬೊವ್ನಾ ದೊಡ್ಡ ಕಪ್ ಒಂದನ್ನೂ ಗೆದ್ದಿಲ್ಲ, ನಿಜ" ಎಂದು ಶುರು ಮಾಡಿದರು. ರೊದಿಯೋನ್ ಹಿಂದಿನಿಂದ, "ಆಹಾ, ಅಕ್ಕನ್ನ ಹೊಗಳೋದು ಅಂದ್ರೆ ಹೀಗೆ!" ಎಂದು ಕೂಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ಇಟಲಿಯ ಆ ಸೆಮಿಫೈನಲ್ ಕಥೆ ಬಂತು. ಎದುರಾಳಿಯ ಚೆಂಡನ್ನು ಅಂಪೈರ್ ಔಟ್ ಎಂದಿದ್ದು, ನಾನು ಹೋಗಿ ನೋಡಿ, ಅದು ಗೆರೆ ಮುಟ್ಟಿದೆ ಎಂದು ಮಣ್ಣಿನಲ್ಲಿ ಮೂಡಿದ ಗುರುತನ್ನು ನನ್ನ ಕಾಲಿನಿಂದಲೇ ಅಳಿಸಿ ಪಾಯಿಂಟ್ ಬಿಟ್ಟುಕೊಟ್ಟಿದ್ದು, ಪಂದ್ಯ ಸೋತದ್ದು. ಅವತ್ತು ನೀನು ಟವೆಲ್ ಎಸೆದು, "ಹುಚ್ಚಿ, ಮನೆಗೆ ಏನು ತಗೊಂಡು ಹೋಗ್ತೀಯಾ ಈಗ?" ಎಂದು ಕಿರುಚಿದ್ದು ನೆನಪಿದೆಯೇ? ನಾನು ತಂದದ್ದು ಅದೊಂದೇ. ಇಲ್ಲಿ ಮಕ್ಕಳಿಗೆ ರ್‍ಯಾಕೆಟ್ ಹಿಡಿಯಲು ಕಲಿಸುವ ಮೊದಲು ಆ ಕಥೆ ಹೇಳುತ್ತಾರೆ.

ಭಾಷಣ ಮುಗಿದ ಮೇಲೆ ಹುಡುಗಿಯರ ಫೈನಲ್. ಒಂದು ಕಡೆ ರೊದಿಯೋನನ ಮೊಮ್ಮಗಳು ಉಲ್ಯಾನಾ, ಇನ್ನೊಂದು ಕಡೆ ಹೊಳೆಯಾಚೆ ಎಂಗೆಲ್ಸ್ ಊರಿನ ಫಾಯಿನಾ ಎಂಬ ಹುಡುಗಿ. ಮಕ್ಕಳ ಪಂದ್ಯಕ್ಕೆ ಅಂಪೈರ್ ಇರುವುದಿಲ್ಲ, ನಿನಗೆ ಗೊತ್ತಲ್ಲ. ತಕರಾರು ಬಂದರೆ ಯಾರಾದರೂ ದೊಡ್ಡವರು ಹೋಗಿ ಮಣ್ಣಿನಲ್ಲಿ ಚೆಂಡಿನ ಗುರುತು ನೋಡಬೇಕು. ಗುರುತು ಅಳಿಸಿದರೆ ಮಾತು ಅಲ್ಲಿಗೆ ಮುಗಿಯಿತು.

ಫಾಯಿನಾ ಗೆಲ್ಲಲು ಒಂದೇ ಪಾಯಿಂಟ್ ಬಾಕಿಯಿತ್ತು. ಉಲ್ಯಾನಾ ಬೀಸಿ ಹೊಡೆದ ಚೆಂಡು ಫಾಯಿನಾಳ ಹಿಂದಿನ ಗೆರೆಯ ಹತ್ತಿರ ಬಿತ್ತು.

"ಔಟ್!" ಎಂದಳು ಫಾಯಿನಾ.

"ಗೆರೆ ಮೇಲೇ ಬಿದ್ದಿದೆ!" ಎಂದಳು ನಮ್ಮವಳು.

ಬೇಲಿಯಾಚೆ ಗದ್ದಲವಾಯಿತು. ಆಗ ಫಾಯಿನಾಳೇ, "ತೈಸಿಯಾ ಗ್ಲೆಬೊವ್ನಾ ನೋಡ್ಲಿ. ಅವ್ರು ಹೇಳಿದ್ದೇ ಸರಿ" ಎಂದಳು.

ಹೋಗಿ ಬಗ್ಗಿದೆ. ಗುರುತಿಗೂ ಗೆರೆಗೂ ನಡುವೆ ನನ್ನ ಕಿರುಬೆರಳು ಇಡುವಷ್ಟು ಜಾಗ. ಕುರುಡರಿಗೂ ಕಾಣುವಂಥ ಔಟ್. ತಲೆಯೆತ್ತಿದೆ, ಬೇಲಿಯ ಹತ್ತಿರ ರೊದಿಯೋನ್ ಟೋಪಿಯನ್ನು ಎದೆಗೊತ್ತಿಕೊಂಡು ನಿಂತಿದ್ದ. ಉಲ್ಯಾನಾ ನೆಟ್ ಸುತ್ತಿ ತಾನೂ ನೋಡಲು ಓಡಿಬರುತ್ತಿದ್ದಳು. ಅವಳು ಬರುವಷ್ಟರಲ್ಲಿ ನಾನು ಕಾಲಿನಿಂದ ಉಜ್ಜಿ, "ಒಳಗಿದೆ" ಎಂದೆ. ಜನ ಚಪ್ಪಾಳೆ ತಟ್ಟಿದರು ನಫೀಸಾ, ನನಗೆ!

ಪಂದ್ಯ ತಿರುಗಿತು, ಉಲ್ಯಾನಾ ಗೆದ್ದಳು. ಸಂಜೆ ನನ್ನ ಅಡುಗೆಮನೆಯಲ್ಲಿ ರೊದಿಯೋನ್ ಹಾಡಿದ್ದೇ ಹಾಡಿದ್ದು. ಹುಡುಗಿ ಮಾತ್ರ ತಟ್ಟೆಯಲ್ಲಿದ್ದ ಬ್ಲಿನಿ ದೋಸೆಯನ್ನು ಫೋರ್ಕಿನಿಂದ ಕೆದಕುತ್ತಾ ಕೂತಿದ್ದಳು. ಹೊರಡುವಾಗ ಮೆಲ್ಲಗೆ, "ಅಜ್ಜಿ, ನಾನೂ ನೋಡೋಕೆ ಬರ್ತಿದ್ನಲ್ಲ. ಅಳ್ಸೋಕೆ ಅಷ್ಟೊಂದು ಅವಸರ ಏನಿತ್ತು?" ಎಂದಳು. ಗೆದ್ದ ಕಪ್ಪನ್ನು ಇಲ್ಲೇ ಬಿಟ್ಟು ಹೋಗಿದ್ದಾಳೆ. ಫ್ರಿಜ್ಜಿನ ಮೇಲಿದೆ, ಹಾಲು ತೆಗೆಯಲು ಹೋದಾಗಲೆಲ್ಲ ಕಾಣುತ್ತದೆ.

ಹೆಸರು ಬರುವವರೆಗೆ ನೆಟ್ಟಗಿದ್ದೆ, ಬಂದ ದಿನವೇ ಕೆಟ್ಟೆ. ಫಲಕ ಇಳಿಸಿ ಎಂದು ಕೇಳಲು ಕ್ಲಬ್ಬಿನ ಬಾಗಿಲ ತನಕ ಹೋಗಿ, ಅಂಕಣಕ್ಕೆ ನೀರು ಹಾಕಿದ್ದೀರಾ ಎಂದು ಕೇಳಿ ವಾಪಸ್ಸು ಬಂದೆ.

ನಿನ್ನ ಮಂಡಿ ಬೇಗ ಗಟ್ಟಿಯಾಗಲಿ. ಮಗಳು, ಅಳಿಯ, ಪುಟ್ಟ ತಿಮೂರ್ ಎಲ್ಲರೂ ನೂರು ಕಾಲ ಸುಖವಾಗಿರಲಿ. ನನ್ನ ಮೇಲೆ ಕನಿಕರ ತೋರಿಸಿ ಮಾತ್ರ ಬರೆಯಬೇಡ.

ನಿನ್ನ
ತಾಸ್ಯಾ

ಮತ್ತೆ: ಪತ್ರ ತಡವಾದದ್ದು ನಿಜಕ್ಕೂ ಇದರಿಂದ. ಪಂದ್ಯದ ಮುಂದಿನ ಭಾನುವಾರ ಫಾಯಿನಾ ಅಪ್ಪನ ಜೊತೆ ಮನೆಗೆ ಬಂದಿದ್ದಳು, ಕೈಯಲ್ಲಿ ಅವಳಮ್ಮ ಮಾಡಿದ ಜಾಮ್ ಬಾಟಲಿ. ಔಟ್ ಎಂದು ತನಗೆ ಯಾಕೆ ಕಂಡಿತೋ ಎಂದು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದಳಂತೆ. "ಕಣ್ಣಲ್ಲಿ ಏನೂ ದೋಷ ಇಲ್ವಂತೆ. ಅಂದ್ರೆ ನನ್ನ ಮನಸ್ಸಲ್ಲೇ ಮೋಸ ಇತ್ತು. ಗೆಲ್ಲೋ ಆಸೆಗೆ ಹಾಗಂದ್ಬಿಟ್ಟೆ. ನನ್ನ ಕ್ಷಮಿಸ್ತೀರಾ?" ಎಂದು ಅತ್ತಳು. ಅವಳಪ್ಪ ಟೋಪಿ ತೆಗೆದು ಬಾಗಿಲಲ್ಲೇ ನಿಂತಿದ್ದ. ನಾನು ಅವಳ ತಲೆ ಸವರಿ, "ಹೋಗ್ಲಿ ಬಿಡು ಮಗು, ಕ್ಷಮಿಸಿದೀನಿ" ಎಂದೆ.