ನಿಮ್ಮ ಕ್ಯಾಂಪಿನ ಅಡುಗೆಯವಳೂ ನನ್ನ ಹರ್ಪಿಸೂ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ವೆಲ್ಡಿಂಗ್ ಕಿಡಿ ಸಿಡಿದ ಕೈ ವಾಸಿಯಾಯಿತೇ? ಸೇತುವೆ ಎಲ್ಲಿಯವರೆಗೆ ಬಂತು? ಮಂಡಿನೋವೊಂದು ಬಿಟ್ಟರೆ ಅತ್ತೆ ಚೆನ್ನಾಗಿದ್ದಾರೆ. ಹೊಟ್ಟೆಯೊಳಗಿನದೂ ಚೆನ್ನಾಗಿದೆ; ನಾನು ಹೊಲಿಗೆ ಯಂತ್ರ ತುಳಿಯಲು ಕೂತರೆ ಸಾಕು, ತಾನೂ ಒಳಗಿಂದ ತುಳಿಯುತ್ತದೆ. ನಿಮ್ಮ ಊಟದ ಬಗ್ಗೆ ಕೇಳುವುದಿಲ್ಲ. ಫೋನ್ ಮಾಡಿದಾಗಲೆಲ್ಲ ಕ್ಯಾಂಪಿನ ಅಡುಗೆಯವಳ ಕೈರುಚಿಯನ್ನು ಬಾಯ್ತುಂಬ ಹೊಗಳುತ್ತೀರಲ್ಲ!

ಈಗ ಸುದ್ದಿಗೆ ಬರುತ್ತೇನೆ. ಹೋದ ವಾರ ಹೇಳಬಾರದ ಜಾಗದಲ್ಲಿ ನೀರುಗುಳ್ಳೆಗಳೆದ್ದು ಬೆಂಕಿ ಇಟ್ಟ ಹಾಗೆ ಉರಿಯತೊಡಗಿತು. ಡಾಕ್ಟರಮ್ಮ ನೋಡಿ, "ಇದು ಹರ್ಪಿಸ್ ಕಣಮ್ಮ. ಗಂಡ ಹೆಂಡ್ತಿ ಕೂಡಿದಾಗ ಒಬ್ಬರಿಂದ ಒಬ್ಬರಿಗೆ ಬರುತ್ತೆ" ಎಂದರು. ನಿಮ್ಮ ಹೊರತು ನನಗೆ ಇನ್ನೊಬ್ಬರು ಗೊತ್ತಿಲ್ಲ. ಉಳಿದದ್ದನ್ನು ನಾನೇ ಊಹಿಸಿಕೊಂಡೆ. ಆ ಅಡುಗೆಯವಳ ಮುಖವನ್ನೇ ಕಂಡವಳಲ್ಲ. ಆದರೂ ಬಸ್ಸಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಅವಳಿಗೆ ಉದ್ದ ಜಡೆ ಹಾಕಿದೆ, ಬಳುಕುವ ಸೊಂಟ ಕೊಟ್ಟೆ, ನಿಮ್ಮ ತಟ್ಟೆಗೆ ಬಡಿಸುವಾಗ ಬೇಕೆಂದೇ ಬಗ್ಗಿಸಿದೆ. ಬಂದವಳೇ ನಿಮಗೆಂದು ಹೊಲಿಯುತ್ತಿದ್ದ ನೀಲಿ ಅಂಗಿಯ ತೋಳುಗಳೆರಡನ್ನೂ ಬಿಚ್ಚಿ ಎಸೆದೆ. ಅತ್ತೆ ಬಾಗಿಲಲ್ಲಿ ನಿಂತು, "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರೆ. ನಾನೇನೂ ಅಂದಿಲ್ವಲ್ಲೇ, ಪಾಪದ ಅಂಗಿ ಏನ್ ಮಾಡ್ತು?" ಎಂದರು. ಅಳು ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಅವರು ನನ್ನ ತಲೆ ಸವರಿ, "ಮೊದ್ಲು ಮಗು. ನನ್ ಮಗನ್ನ ಆಮೇಲೆ ವಿಚಾರಿಸ್ಕೊಳ್ಳೋಣ" ಎಂದರು. ಮರುದಿನ ಮಂಡಿ ಎಳೆದುಕೊಂಡು ಆಸ್ಪತ್ರೆಗೂ ಬಂದರು.

ರಕ್ತ ಪರೀಕ್ಷೆಯಲ್ಲಿ ಸೋಂಕು ಹೊಸದಲ್ಲವೆಂದು ಗೊತ್ತಾಯಿತು. ಎಂದೋ ಬಂದು ಮೈಯಲ್ಲಿ ಸದ್ದಿಲ್ಲದೆ ಮಲಗಿತ್ತಂತೆ. ದಿನ ತುಂಬುವ ಹೊತ್ತಿಗೆ ಹೊಸದಾಗಿ ಅಂಟಿದರೆ ಮಗುವಿಗೆ ಅಪಾಯ ಹೆಚ್ಚು, ಹಳೆಯದಾದರೆ ತಾಯಿಯ ರಕ್ತದಿಂದ ಮಗುವಿಗೂ ಒಂದಿಷ್ಟು ರಕ್ಷಣೆ ಸಿಗುತ್ತದೆ ಎಂದರು. ಮಾತ್ರೆ ನುಂಗುತ್ತಿದ್ದೇನೆ. ಹೆರಿಗೆಯ ವೇಳೆಗೆ ಗುಳ್ಳೆ ಇದ್ದರೆ ಆಪರೇಷನ್ನೇ ಗತಿ. ಮಗುವಿನ ಭಯ ಅರ್ಧ ಇಳಿಯಿತು, ಆ ಅಡುಗೆಯವಳು ಮಾತ್ರ ತಲೆಯಿಂದ ಇಳಿಯಲಿಲ್ಲ. ನೀವೇ ಹೇಳಿ, ಅವಳಿಗೂ ನಿಮಗೂ ಏನು? ಏನೂ ಇಲ್ಲವೆಂದರೆ ನಂಬಲು ನೋಡುತ್ತೇನೆ. ಇದೆಯೆಂದರೆ ಸೇತುವೆ ಮುಗಿದರೂ ಆ ದಡದಲ್ಲೇ ಇದ್ದುಬಿಡಿ.

ಕೈಗೆ ಮುಲಾಮು ಹಚ್ಚುವುದು ಮರೆಯಬೇಡಿ. ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಬೈಗುಳವನ್ನು ಎದುರಿಗೇ ಕೊಡುತ್ತಾರಂತೆ.

ಸಿಟ್ಟಿನಲ್ಲೂ
ನಿಮ್ಮವಳೇ

ತಾ.ಕ.: ಪತ್ರ ಅಂಚೆಗೆ ಹಾಕುವ ಮೊದಲೇ ನೋವು ಬಂತು. ಗುಳ್ಳೆ ಆರಿರಲಿಲ್ಲ, ಆಪರೇಷನ್ ಮಾಡಿದರು. ಹೆಣ್ಣು ಮಗು! ಪರೀಕ್ಷಿಸಿದರು, ಸೋಂಕಿಲ್ಲ. ಡಾಕ್ಟರಮ್ಮ, "ಮಗುವಿನ ಅಪ್ಪನಿಗೆ ತುಟಿ ಮೇಲೆ ಗುಳ್ಳೆ ಏಳುತ್ತಾ?" ಎಂದು ಕೇಳಿದರು. "ಚಿಕ್ಕಂದಿನಿಂದ್ಲೂ, ಜ್ವರ ಬಂದಾಗೆಲ್ಲ" ಎಂದರು ಅತ್ತೆ. ಅದೂ ಹರ್ಪಿಸೇ ಅಂತೆ, ನನಗೆ ಅಲ್ಲಿಂದಲೇ ಬಂದಿರಬಹುದಂತೆ. ಬಾಯಿಂದ ಅಲ್ಲಿಗೆ ಹೇಗೆ ಹೋಯಿತೆಂದು ಅತ್ತೆಯ ಎದುರಿಗೇ ವಿವರಿಸಿದರು. ನಾಚಿಕೆಯಿಂದ ಸತ್ತೇ ಹೋದೆ. ಬೇಗ ಬನ್ನಿ. ಆದರೆ ಕನ್ನಡಿ ನೋಡಿಕೊಂಡು ಬನ್ನಿ. ತುಟಿಯ ಮೇಲೆ ಒಂದೇ ಒಂದು ಗುಳ್ಳೆ ಇದ್ದರೂ ಮಗಳಿಗೆ ಮುತ್ತು ಕೊಡುವಂತಿಲ್ಲ. ಅದು ಆರುವವರೆಗೆ ಅವಳ ಎರಡು ಕೆನ್ನೆಯೂ ನನ್ನವೇ. ನಿಜ ಹೇಳಲೇ? ಆರಿದ ಮೇಲೂ ಹಂಚಿಕೊಳ್ಳಲು ನನಗೆ ಹೊಟ್ಟೆಕಿಚ್ಚೇ.