ಅಳಿಸುವ ಹಕ್ಕು

ಮಾರ್ಚ್ 3, ಸಂಜೆ 5

ಲಾಗ್ ಡಿಸ್ಕ್ ತುಂಬಿ ಬೆಳಿಗ್ಗೆ ಇಡೀ ಆಸ್ಪತ್ರೆಯ ಸಿಸ್ಟಮ್ ನಿಂತಿತು. ಕೌಂಟರಿನಲ್ಲಿ ಕೂಗಾಟ. ಹಳೆಯ ಲಾಗ್ ಅಳಿಸಿದರೆ ಸಾಕಿತ್ತು. ಆದರೆ ನಾನು ಅಳಿಸುವ ಹಾಗಿಲ್ಲ. ಲಾಗ್ ಅಂದರೆ ಸಿಸ್ಟಮಿನಲ್ಲಿ ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆ; ಅದನ್ನು ಓದುವವರು ಅಳಿಸಬಾರದು, ಅಳಿಸುವವರು ಓದಬಾರದು. ಓದುವುದು, ಯಾರಿಗೆ ಯಾವ ಹಕ್ಕು ಅಂತ ಹಂಚುವುದು, ಇಷ್ಟೇ ನನ್ನ ಕೆಲಸ. ಅಳಿಸುವ ಹಕ್ಕಿದ್ದ ಮಹಾಶಯ ರಜೆ. ಬೇರೆಯವರಿಗೆ ಕೊಡಲು ಎರಡು ಸಹಿ ಬೇಕು — ಇನ್ನೊಂದು ಸಹಿಯವರು ಫೋನ್ ಎತ್ತಲಿಲ್ಲ.

ದೊಡ್ಡ ಡಾಕ್ಟರೇ ಕೆಳಗಿಳಿದು ಬಂದರು. ಆಸ್ಪತ್ರೆಯ ಮುಖ್ಯಸ್ಥರು ನನ್ನ ಕೋಣೆಗೆ ಬಂದದ್ದು ಇದೇ ಮೊದಲು.

"ಸಹಿ ಸಹಿ ಅಂತ ಕೂತ್ರೆ ಪೇಶೆಂಟ್ ಕಾಯ್ತಾರೇನಮ್ಮಾ? ಆ ಹಕ್ಕು ನಂಗೇ ಹಾಕು. ನಾನೇ ಅಳಿಸ್ತೀನಿ. ಸಂಜೆ ತೆಗೆದುಬಿಡು."

ಹಾಕಿದೆ. ಹತ್ತು ನಿಮಿಷದಲ್ಲಿ ಎಲ್ಲ ಸರಿ. ಎಲ್ಲರೆದುರು ಹೊಗಳಿದರು. ಹೊಗಳಿದರೆ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಮಾರ್ಚ್ 31

ಮೂರು ತಿಂಗಳ ತಪಾಸಣೆ. ಯಾರ ಬಳಿ ಯಾವ ಹಕ್ಕಿದೆ... ನೂರ ನಲವತ್ತು ಜನ, ಒಂದೊಂದೇ ತೆರೆದು ನೋಡಬೇಕು. ಯಾರಿಗಿದೆ ಪುರುಸೊತ್ತು? ಡಿಸೆಂಬರಿನ ವರದಿ ತೆಗೆದು, ತಾರೀಖು ಬದಲಿಸಿ, ಪ್ರಿಂಟ್. "ಅನಗತ್ಯ ಹಕ್ಕು ಯಾರಲ್ಲಿಯೂ ಇಲ್ಲ." ಸಹಿ ಹಾಕಿದೆ. ಹೋದ ಸಲವೂ ಹೀಗೇ ಮಾಡಿದ್ದು.

ಊಟಕ್ಕೆ ಎರಡನೇ ಮಹಡಿಯಿಂದ ತಂಗಿ ಬಂದಳು. ಊರಿಗೆಲ್ಲ ಸಿಸ್ಟರ್, ನನ್ನ ಡಬ್ಬಿಯ ಮುಂದೆ ಮಾತ್ರ ಹೊಟ್ಟೆಬಾಕಿ. ಏಳನೇ ಬೆಡ್ಡಿಗೆ ಒಬ್ಬ ಬಡಗಿ ಬಂದಿದ್ದಾನಂತೆ. ಅವಳ ಮೇಜಿನ ಕಾಲು ಅಲ್ಲಾಡುವುದು ನೋಡಲಾರದೆ, ಡ್ರಿಪ್ ಹಾಕಿಕೊಂಡೇ ಬಂದು ಸರಿಮಾಡಿಕೊಟ್ಟನಂತೆ.

ಏಪ್ರಿಲ್ 9, ಮಧ್ಯಾಹ್ನ 3

ಆ ಬಡಗಿ ಹೋಗಿಬಿಟ್ಟ. ಎರಡು ಎಂಎಲ್ ಕೊಡಬೇಕಿದ್ದ ಔಷಧಿ ಇಪ್ಪತ್ತು ಹೋಗಿದೆ. ಕೊಟ್ಟವಳು ತಂಗಿ.

ನನ್ನ ಕೋಣೆಗೆ ಬಂದು ಕೂತಳು.

"ಸ್ಕ್ರೀನಲ್ಲಿ ಇಪ್ಪತ್ತು ಅಂತಾನೇ ಇತ್ತು ಅಕ್ಕಾ. ಅನುಮಾನ ಬಂದು ಎರಡು ಸಲ ನೋಡ್ದೆ. ದೊಡ್ಡ ಡಾಕ್ಟ್ರೇ ಬರೆದಿದ್ದು, ಕೇಳೋದು ಹೇಗೆ ಅಂತ ಕೊಟ್ಟೆ. ಈಗ ನೋಡಿದ್ರೆ ಎರಡು ಅಂತಿದೆ."

"ಯಾರೋ ಬದಲಾಯಿಸಿರ್ಬೇಕು."

"ಲಾಗ್ ಇದೆಯಲ್ಲ. ನೀನು ನೋಡ್ತೀಯಲ್ಲ. ನಂಗಷ್ಟು ಸಾಕು."

ಕಾರಿಡಾರಿನಲ್ಲಿ ಬಡಗಿಯ ಹೆಂಡತಿ ಅವನ ಚಪ್ಪಲಿ ಹಿಡಿದು ಕೂತಿದ್ದಳು. ಯಾರೂ ಹತ್ತಿರ ಹೋಗಲಿಲ್ಲ. ನಾನೂ.

ಏಪ್ರಿಲ್ 12, ಬೆಳಿಗ್ಗೆ 9

ವಿಚಾರಣಾ ಸಮಿತಿ ಲಾಗ್ ಕೇಳಿದೆ. ತೆರೆದೆ. ಒಂಬತ್ತನೇ ತಾರೀಖು — 10:52 ಆದಮೇಲೆ ನೇರ 12:40. ನಡುವೆ ಏನೂ ಇಲ್ಲ.

ಹಕ್ಕು ಕೊಟ್ಟದ್ದು, ತೆಗೆದದ್ದು, ಬಳಸಿದ್ದು, ಇದರ ದಾಖಲೆ ಬೇರೆ ಮೆಷೀನಿನಲ್ಲಿದೆ. ಅದನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ನೋಡಿದೆ. ಅಳಿಸಿದವರು: ದೊಡ್ಡ ಡಾಕ್ಟರು, 12:41. ಇಪ್ಪತ್ತನ್ನು ಎರಡು ಮಾಡಿ, ಮಾಡಿದ ಗುರುತನ್ನೂ ತೆಗೆದಿದ್ದಾರೆ. ಹಕ್ಕು ಕೊಟ್ಟವರು: ನಾನು. ಮಾರ್ಚ್ 3. ಎರಡನೇ ಸಹಿ: ಇಲ್ಲ. ವಾಪಸ್ ಪಡೆದ ದಿನ: ಖಾಲಿ.

ಮರೆತಿದ್ದೆ. ಸಂಜೆ ತೆಗೆಯಬೇಕಿದ್ದದ್ದನ್ನು ಮರೆತೆ. ಮೂವತ್ತೊಂದರಂದು ಕಣ್ಣು ಹಾಯಿಸಿದ್ದರೂ ಸಿಗುತ್ತಿತ್ತು.

ಕೂಡಲೇ ಆ ಹಕ್ಕು ತೆಗೆದುಹಾಕಿದೆ. ಗಾಬರಿಯಲ್ಲಿ — ಇಲ್ಲ, ಇಲ್ಲೂ ಸುಳ್ಳು ಯಾಕೆ. ಬಾಗಿಲು ಹಾಕಿಕೊಂಡು, ಯೋಚಿಸಿಯೇ ತೆಗೆದೆ. ಸಮಿತಿಗೆ ಬರೆದೆ: "ಸದರಿ ಅವಧಿಯ ಲಾಗ್ ತಾಂತ್ರಿಕ ಕಾರಣದಿಂದ ಲಭ್ಯವಿಲ್ಲ."

ಸಂಜೆ 7

"ಸಿಕ್ತಾ ಅಕ್ಕಾ?"

"ಏನೂ ಇಲ್ಲ ಕಣೇ."

ಏಪ್ರಿಲ್ 13

ತಂಗಿ ಸಸ್ಪೆಂಡ್.

ಏಪ್ರಿಲ್ 21

ಲಿಫ್ಟಿನಲ್ಲಿ ದೊಡ್ಡ ಡಾಕ್ಟರು. ನಾವಿಬ್ಬರೇ. "ನಿಮ್ಮ ಕಡೆ ಎಲ್ಲ ಸರಿಯಾಗಿದೆಯಲ್ಲ?" ಅಂದರು. ಒಂಬತ್ತು ವರ್ಷದಿಂದ ಏಕವಚನ. ಇವತ್ತು ಬಹುವಚನ. ಅವರಿಗೆ ಗೊತ್ತು, ನನಗೆ ಗೊತ್ತಿರುವುದು.

"ಸರಿಯಾಗಿದೆ ಸರ್," ಅಂದೆ.

ಥೂ, ನನ್ನ ಜನ್ಮಕ್ಕಿಷ್ಟು.

ಏಪ್ರಿಲ್ 27

ತಂಗಿ ಸರಿಯಾಗಿ ಉಣ್ಣುತ್ತಿಲ್ಲ. ಕಾಗದದ ಚೂರುಗಳಲ್ಲಿ 2 ಅಂತ, 20 ಅಂತ ಬರೆದು, ಗೋಡೆಗೆ ಅಂಟಿಸಿ, ದೂರ ನಿಂತು ಓದಿನೋಡುತ್ತಾಳೆ. ಒಂದೂ ತಪ್ಪಾಗುವುದಿಲ್ಲ. ಆದರೂ ಇವತ್ತು ಅಂದಳು —

"ನನ್ ಕಣ್ಣೇ ತಪ್ಪು ಅಕ್ಕಾ. ಅವತ್ತು ಎರಡು ಶಿಫ್ಟ್ ಆಗಿತ್ತು. ಲಾಗಲ್ಲೇ ಇಲ್ಲ ಅಂತ ನೀನು ಹೇಳಿದ್ಮೇಲೆ ಇನ್ನೇನು? ನಾನೇ ಕೊಂದೆ ಆತನ್ನ."

ಏನಾದರೂ ಹೇಳಬಹುದಿತ್ತು. ಅವಳೆದುರೇ ಕೂತಿದ್ದೆ.

ತಪ್ಪೊಪ್ಪಿಗೆ ಬರೆದಿದ್ದಾಳೆ. ಓದಿನೋಡು ಅಂತ ಕೊಟ್ಟಳು. ತಾರೀಖು ಹಾಕುವುದು ಬಿಟ್ಟಿದ್ದಳು. ನಾನೇ ಹಾಕಿಕೊಟ್ಟೆ.

ಏಪ್ರಿಲ್ 29, ಬೆಳಿಗ್ಗೆ 7

ಹೇಳಿಬಿಟ್ಟೆ. ಅವಳು ಇವತ್ತಿನ ವಿಚಾರಣೆಗೆ ಒಯ್ಯಲು ಬ್ಯಾಗಿಗೆ ಆ ಪತ್ರ ಹಾಕಿಕೊಳ್ಳುತ್ತಿದ್ದಳು. ಮಾರ್ಚ್ ಮೂರರಿಂದ ಶುರುಮಾಡಿ ಎಲ್ಲವನ್ನೂ.

ಅಳುತ್ತಾಳೆ, ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಒಂದೇ ಕೇಳಿದಳು.

"ಯಾವತ್ತು ಗೊತ್ತಾಯ್ತು?"

"ಹನ್ನೆರಡಕ್ಕೆ."

ಬೆರಳು ಮಡಚಿ ಎಣಿಸಿದಳು.

"ಹದಿನೇಳು ದಿನ. ಮೊನ್ನೆ ನಾನೇ ಕೊಂದೆ ಅಂದೆನಲ್ಲ... ಇಲ್ಲೇ ಕೂತಿದ್ದೆ ನೀನು."

ಹೌದು. ಇಲ್ಲೇ ಕೂತಿದ್ದೆ. ಚಪ್ಪಲಿ ಮೆಟ್ಟಿ ಒಬ್ಬಳೇ ಹೊರಟಳು. ಪತ್ರ ಹರಿದಳೋ ಒಯ್ದಳೋ ಗೊತ್ತಿಲ್ಲ.

ಬೆಳಿಗ್ಗೆ 10:50

ವಿಚಾರಣೆ ಕೋಣೆಯ ಹೊರಗೆ ನಿಂತಿದ್ದೇನೆ. ಪ್ರಿಂಟ್ ಕೈಯಲ್ಲಿದೆ, ಮೂರೇ ಸಾಲು. ಮಾರ್ಚ್ 3, ನಾನು ಕೊಟ್ಟದ್ದು. ಏಪ್ರಿಲ್ 9, ಅವರು ಅಳಿಸಿದ್ದು. ಏಪ್ರಿಲ್ 12, ನಾನು ತೆಗೆದದ್ದು. ಮೂರನೆಯದನ್ನು ಬಿಟ್ಟು ಪ್ರಿಂಟ್ ತೆಗೆಯಬಹುದಿತ್ತು. ಬಿಡಲಿಲ್ಲ. ಕೆಲಸ ಹೋಗುತ್ತದೆ, ಪೊಲೀಸೂ ಬರಬಹುದು. ಅದರ ಭಯ ಈಗ ಅಷ್ಟಿಲ್ಲ.

ಬಾಗಿಲು ಅರ್ಧ ತೆರೆದಿದೆ. ದೊಡ್ಡ ಡಾಕ್ಟರು ಕಿಟಕಿಯ ಕಡೆ. ಬಡಗಿಯ ಹೆಂಡತಿಯೂ ಬಂದಿದ್ದಾಳೆ. ತಂಗಿಯ ಪಕ್ಕದ ಕುರ್ಚಿ ಖಾಲಿ.

ನನ್ನನ್ನು ಕರೆದರು. ತಂಗಿ ತಿರುಗಿ ನೋಡಿದಳು. ನೋಡಿ, ತನ್ನ ಬ್ಯಾಗೆತ್ತಿ ಆ ಕುರ್ಚಿಯ ಮೇಲೆ ಇಟ್ಟಳು.